ಮಾವನವರು ಚಂದ್ರನಾದದ್ದು

ಕುರುಗೋಡು. ಡಿಸೆಂಬರ್ 1, 1968, ಭಾನುವಾರ

ರೊಟ್ಟಿ ಬಡಿದು ಮುಗಿಯಿತು. ಕೈಗೆ ಇನ್ನೂ ಹಿಟ್ಟು ಮೆತ್ತಿದೆ. ಇವರು ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋದರು. ಹೋದರು ಅನ್ನುವುದಕ್ಕಿಂತ ಓಡಿದರು ಅನ್ನಬೇಕು. ಅಲ್ಲಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತೆ ಕೆಲಸ, ವಾರಕ್ಕೊಮ್ಮೆ ಮನೆ. ಈ ಸಲ ತಂದೆಯ ಹತ್ತಿರ ನನ್ನ ವಿಷಯ ಎತ್ತುತ್ತೇನೆ ಎಂದು ಮಾತು ಕೊಟ್ಟಿದ್ದರು. ಎದುರಿಗೆ ಕೂತರು. ಭತ್ತದ ಧಾರಣೆ ಮಾತಾಡಿದರು. ಎದ್ದು ಬಂದರು. ಹೆಸರು ಮರಿಬಸಪ್ಪ, ಅಪ್ಪನ ಮುಂದೆ ನಿಜಕ್ಕೂ ಮರಿಯೇ.

ವಿಷಯ ಇಷ್ಟೆ. ಸಿರುಗುಪ್ಪದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ಸೈನ್ಸ್ ಟೀಚರ್ ಕೆಲಸ ಸಿಕ್ಕಿದೆ. ಮದುವೆಗೆ ಮುಂಚೆ ಹಾಕಿದ್ದ ಅರ್ಜಿ. ಆರ್ಡರು ಬಳ್ಳಾರಿಗೆ, ಪಾರ್ವತಿನಗರದ ತವರಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂತು. ಜನವರಿ ಎರಡಕ್ಕೆ ಹಾಜರಾಗಬೇಕು. ಇವರಿಗೆ ಖುಷಿ. ಅಲ್ಲೇ ಮನೆ ಮಾಡಬಹುದು, ಖಾನಾವಳಿ ಊಟ ತಪ್ಪುತ್ತದೆ. ಅತ್ತೆ ವೀರಭದ್ರಮ್ಮನವರೂ ಬೇಡ ಅಂದಿಲ್ಲ. ಉಳಿದವರು ಒಬ್ಬರೇ.

ಆ ಒಬ್ಬರ ಹತ್ತಿರ ನಾನು ಮಾತಾಡುವ ಹಾಗಿಲ್ಲ. ಈ ಮನೆಯ ಪದ್ಧತಿ. ಸೊಸೆ ಮಾವನ ಜೊತೆ ನೇರವಾಗಿ ಮಾತಾಡಬಾರದು. ಮೂವರೂ ಒಂದೇ ಪಡಸಾಲೆಯಲ್ಲಿದ್ದರೂ ನನ್ನ ಮಾತು ಅತ್ತೆಯನ್ನು ಹಾದೇ ಹೋಗಬೇಕು. "ಅತ್ತೇರ, ಮಾವಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ" ಅನ್ನುತ್ತೇನೆ. ಅತ್ತೆ ಕೇಳುತ್ತಾರೆ. ಅವರು "ಸಾಕನ್ನು" ಅನ್ನುತ್ತಾರೆ. ಅತ್ತೆ ನನ್ನ ಕಡೆ ತಿರುಗಿ "ಸಾಕಂತ" ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಗು ತಡೆಯಲಾಗದೆ ಒಳಗೆ ಓಡಿದ್ದೆ. ಈಗ ರೂಢಿಯಾಗಿದೆ.

ನೌಕರಿಯ ಮಾತನ್ನೂ ಕೊನೆಗೆ ಅತ್ತೆಯೇ ಮುಟ್ಟಿಸಿದರು. ಬಂದ ಉತ್ತರ: "ಹಾಲಸಿದ್ದಪ್ಪನ ಸೊಸಿ ದುಡ್ಯಾಕ ಹೊಂಟ್ಳು ಅಂತ ಊರು ಅನ್ನಂಗಿಲ್ಲೇನು? ನೋಡೂಣು ತಡಿ ಅನ್ನು."

ನೋಡೂಣು. ಹೌದೂ ಅಲ್ಲ, ಇಲ್ಲವೂ ಅಲ್ಲ. ಬೇಡ ಅಂದಿದ್ದರೆ ಅಳಬಹುದಿತ್ತು.

ಡಿ. 4, ಬುಧವಾರ. ಹೊಸ್ತಿಲ ಹುಣ್ಣಿಮೆ

ಹೊಸ್ತಿಲ ಪೂಜೆ ಆಯಿತು. ಸಂಜೆ ಊರಿನ ಹೈಸ್ಕೂಲಿನ ಹೆಡ್ ಮಾಸ್ತರ ವೆಂಕಟೇಶ ಬಂದರು. ಬೆಳ್ಳಗೆ, ತೆಳ್ಳಗೆ, ಮಾತಿಗೆ ಮುಂಚೆ ಕೆಮ್ಮುವವರು. ಜೊತೆಗೆ ಪಕ್ಕದ ಮನೆಯ ಎರ್ರಣ್ಣ, ಮಿಲಿಟರಿಯಿಂದ ಹವಾಲ್ದಾರನಾಗಿ ರಿಟೈರ್ ಆದವರು, ದೊಡ್ಡ ಮೀಸೆ. ನಾನು ಬಾಗಿಲ ಹಿಂದೆ.

"ಅಮೆರಿಕಾದವ್ರು ಈ ತಿಂಗಳು ಮೂರು ಜನರನ್ನ ಚಂದ್ರನ ಸುತ್ತ ಕಳಸ್ತಾರಂತ್ರಿ," ಅಂದರು ಹೆಡ್ ಮಾಸ್ತರು. "ಇಳಿಯಂಗಿಲ್ಲ. ಸುತ್ತಿ ಬರ್ತಾರ. ನಮಗ ಎಂದೂ ಕಾಣದ ಹಿಂದಿನ ಮಗ್ಗಲ ಕಣ್ಣಿಂದ ನೋಡಿ ಬರ್ತಾರ. ನಮ್ಮ ಸಾಲಿ ಗ್ಯಾದರಿಂಗ್ ಇಪ್ಪತ್ತಾರಕ್ಕ. ಅದರ ಮ್ಯಾಲೆ ಒಂದು ಸಣ್ಣ ನಾಟಕ ಬರದೀನಿ. ಚಂದ್ರನ ಪಾರ್ಟಿಗೆ ನಿಮ್ಮನ್ನ ಬಿಟ್ರ..."

ವಾಕ್ಯ ಮುಗಿಯಲಿಲ್ಲ. ಮಾವನವರು ಒಪ್ಪಿಬಿಟ್ಟರು. ಊರಿನ ನಾಟಕ ಮಂಡಳಿಯಲ್ಲಿ ದುರ್ಯೋಧನ ಅಂದರೆ ಅವರು, ರಾವಣ ಅಂದರೆ ಅವರು. ಹೊಲದಲ್ಲಿ ಎತ್ತಿಗೆ ಹೇಳುವುದನ್ನೂ ಕೊನೆಯ ಸಾಲಿನವರಿಗೆ ಕೇಳುವ ಹಾಗೆ ಹೇಳುತ್ತಾರೆ. ಒಂದೇ ಒಂದು ಪ್ರಶ್ನೆ ಕೇಳಿದರು: "ಚಂದ್ರಗ ಗದಾ ಐತೇನ್ರಿ?"

ಇಲ್ಲ ಎಂದು ತಿಳಿದು ಸ್ವಲ್ಪ ಇಳಿದುಹೋದರು.

ಭೂಮಿಯ ಪಾರ್ಟು ಎರ್ರಣ್ಣನಿಗೆ. ಭೂಮಿ ನಡುವೆ ಅಲುಗಾಡದೆ ನಿಲ್ಲಬೇಕಂತೆ, ಅಟೆನ್ಷನ್ ನಿಲ್ಲುವುದರಲ್ಲಿ ಅವರ ಸಮ ಯಾರೂ ಇಲ್ಲವಂತೆ. ಮೀಸೆ ಬೋಳಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಭೂಮಿಯೂ ತಿರುಗುತ್ತದೆ ಎಂದು ಹೇಳಿ ಕಳಿಸೋಣ ಅಂದುಕೊಂಡೆ. ಎರ್ರಣ್ಣನಿಗೆ ಮೊಣಕಾಲು ನೋವು. ಬಿಟ್ಟೆ.

ಡಿ. 7, ಶನಿವಾರ

ಇವರು ಬಂದಿಲ್ಲ. ಗಿರಣಿಯಲ್ಲಿ ದೇಶನೂರು ಕಡೆಯ ಭತ್ತ ಬಂದು ಬಿದ್ದಿದೆಯಂತೆ. ಭತ್ತವೋ ಅಪ್ಪನ ಭಯವೋ, ದೇವರಿಗೇ ಗೊತ್ತು.

ಕಟ್ಟೆಯ ಮೇಲೆ ಎರ್ರಣ್ಣನ ಭಾಷಣ. ಅವರಿಗೆ ಚಂದ್ರನ ಹಿಂಬದಿ ನಿದ್ದೆ ಕೆಡಿಸಿದೆ.

"ಲಡಾಖಿನ್ಯಾಗ ನೋಡೀನಿ ಸಿದ್ದಪ್ಪಣ್ಣ. ಗುಡ್ಡದ ಈ ಮಗ್ಗಲ ನಾವು, ಆ ಮಗ್ಗಲ ದುಷ್ಮನ್. ನಮ್ಮ ದುರ್ಬೀನು ಗುಡ್ಡದ ತಲಿತನಕ ಅಷ್ಟೆ. ಗುಡ್ಡದ ಹಿಂದಿನ ಜಾಗ ಹಿಡದಾವ ಗೆದ್ದ. ಚಂದ್ರನ ಹಿಂದ ರಷ್ಯಾದಾವ ತೋಪು ಇಟ್ಟಾನೋ, ಅಮೆರಿಕಾದಾವ ಇಡಾಕ ಹೊಂಟಾನೋ, ಯಾರು ಕಂಡಾರ? ನಮ್ಮ ಕುರುಗೋಡು ಗುಡ್ಡದ ಹಿಂದ ಒಂದು ಪಲ್ಟನ್ ಮುಚ್ಚಿಟ್ರ ಊರಾಗ ಯಾರಿಗಾರ ಗೊತ್ತಾಕೈತೇನು?"

"ಕುರಿ ಕಾಯೋರಿಗೆ ಗೊತ್ತಾಕೈತಿ," ಅಂದರು ಮಾವನವರು.

"ಅಲ್ಲಿ ಕುರಿ ಇಲ್ಲ ಕದಾ, ಅದೇ ನಾ ಹೇಳೋದು."

ಮಾವನವರು ಒಳಗೆ ದನಿ ಮಾಡಿದರು: "ಏ, ಆಕಿ ಓದ್ಯಾಳಲ್ಲ. ಹಿಂದ ಏನೈತಂತ ಕೇಳು."

ಎದೆ ಧಸಕ್ ಅಂದಿತು, ಖುಷಿಗೆ. ಈ ಮನೆಗೆ ಬಂದ ಮೇಲೆ ನನ್ನ ಓದಿಗೆ ಯಾರೋ ಏನೋ ಕೇಳಿದ್ದು ಇದೇ ಮೊದಲು. ಒಂದೇ ಉಸಿರಿಗೆ ಅತ್ತೆಗೆ ಹೇಳಿದೆ. ಒಂಬತ್ತು ವರ್ಷದ ಹಿಂದೆ ರಷ್ಯಾದ ಯಂತ್ರವೊಂದು ಹಿಂಬದಿಯ ಫೋಟೊ ತೆಗೆದಿತ್ತು, ಮಸುಕು ಮಸುಕು. ನಮಗೆ ಕಾಣುವ ಕಪ್ಪು ಕಲೆಗಳು ಅಲ್ಲಿ ಕಡಿಮೆ, ಕುಳಿಗಳು ಗುಡ್ಡಗಳು ಹೆಚ್ಚು. ಯಾಕೆ ಹೀಗೆ ಎರಡು ಬದಿ ಎರಡು ಥರ ಎಂದು ಯಾರಿಗೂ ಗೊತ್ತಿಲ್ಲ. ಚಂದ್ರನೇ ಗೋಡೆಯಾಗಿ ಅಡ್ಡ ಬರುವುದರಿಂದ ಅಲ್ಲಿರುವವರನ್ನು ಇಲ್ಲಿಂದ ನೋಡಲಾಗದು, ರೇಡಿಯೊದಲ್ಲಿ ಮಾತಾಡಿಸಲೂ ಆಗದು. ಅದಕ್ಕೇ ಮಿಲಿಟರಿಯವರಿಗೆ ಆ ಜಾಗದ ಮೇಲೆ ಕಣ್ಣು. ನಕ್ಷತ್ರಗಳ ರೇಡಿಯೊ ಕೇಳುವ ವಿಜ್ಞಾನಿಗಳಿಗೂ ಆಸೆ, ಭೂಮಿಯ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲವಲ್ಲ. ಚಂದ್ರನನ್ನು ಯಾವ ದೇಶವೂ ತನ್ನದು ಅನ್ನಬಾರದು, ಅಣುಬಾಂಬು ಇಡಬಾರದು ಎಂದು ಹೋದ ವರ್ಷ ದೇಶಗಳು ಒಪ್ಪಂದ ಮಾಡಿಕೊಂಡಿವೆ.

ಅತ್ತೆ ಹೊರಗೆ ಹೋಗಿ ಹೇಳಿದ್ದು: "ಹಿಂದ ಬರೇ ಕುಣಿ ಅದಾವಂತ. ಇಲ್ಲಿ ಗದ್ದಲ ಅಲ್ಲಿಗೆ ಕೇಳಂಗಿಲ್ಲಂತ. ಯಾರ ಹೆಸರಿಗೂ ಪಹಣಿ ಮಾಡಂಗಿಲ್ಲಂತ."

ನಿಜ ಹೇಳಬೇಕೆಂದರೆ ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು.

"ಎಲ್ಲಾರೂ ಸಹಿ ಮಾಡ್ಯಾರ, ಖರೆ," ಅಂದರು ಎರ್ರಣ್ಣ. "ಸಹಿ ಮಾಡಿದ ಮ್ಯಾಲೂ ಒಂದು ಕಣ್ಣು ಗುಡ್ಡದ ಮ್ಯಾಲೆ ಇರಬೇಕು."

ಭೂಮಿಯ ಗದ್ದಲ ಮುಟ್ಟದ ಜಾಗ... ಬರೆಯುವಾಗಲೇ ಆಸೆ ಹುಟ್ಟುತ್ತದೆ. ಸದ್ಯಕ್ಕೆ ಈ ಕಾಳಿನ ಕೋಣೆ ಇದೆ, ಎರಡು ಚೀಲದ ನಡುವೆ ಕೂತು ಬರೆಯಲು ಸಾಕು.

ಡಿ. 10, ಮಂಗಳವಾರ

ಮಾವನವರ ಹೊಸ ಪ್ರಶ್ನೆ, ಅತ್ತೆಯ ಮೂಲಕ: ಸುತ್ತು ಹಾಕುವವನ ಬೆನ್ನು ಒಮ್ಮೆಯಾದರೂ ಕಾಣಬೇಕಲ್ಲ, ಚಂದ್ರನದು ಯಾಕೆ ಕಾಣುವುದಿಲ್ಲ?

ಅತ್ತೆಯನ್ನೇ ಹಿತ್ತಲಿಗೆ ಕರೆದುಕೊಂಡು ಹೋದೆ. ಒರಳುಕಲ್ಲು ಭೂಮಿ. "ಅತ್ತೇರ, ಒರಳಿನ ಕಡಿ ಮಾರಿ ಮಾಡಿಕೊಂಡೇ ಒಂದು ಸುತ್ತು ಬರ್ರಿ." ಸೀರೆ ಎತ್ತಿ ಕಟ್ಟಿ, ಅಡ್ಡಡ್ಡ ಹೆಜ್ಜೆ ಹಾಕುತ್ತ ಸುತ್ತಿದರು. ಮೊದಲು ಬಾವಿ ಕಂಡಿತು ಅಂದರು, ಆಮೇಲೆ ದನದ ಕೊಟ್ಟಿಗೆ, ಆಮೇಲೆ ಗುಡ್ಡ. ನಿಂತರು. ಮುಖ ಅರಳಿತು.

"ಲೇ ದಾಕ್ಷಾಯಣಿ, ಸುತ್ತೂಮುಂದ ನಾನೂ ಒಂದು ಸಲ ತಿರುಗಿದ್ನಲ್ಲ. ಒರಳಿಗೆ ಮಾತ್ರ ಗೊತ್ತಾಗಲಿಲ್ಲ."

ನಮ್ಮ ಕಾಲೇಜಿನಲ್ಲಿ ಇದು ಅರ್ಥವಾಗದೆ ಪಾಸಾದವರಿದ್ದಾರೆ. ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ.

ಮಾವನವರಿಗೆ ಅವರು ಹೇಳಿದ ರೀತಿಯೇ ಬೇರೆ. "ಹಲಕುಂದಿ ಮಠಕ್ಕ ಹೋದಾಗ ಸ್ವಾಮಿ ಅಜ್ಜಾರ ಮುಂದಿಂದ ಹೆಂಗ ಬರ್ತೀವಿ? ಬೆನ್ನು ತೋರಿಸದಂಗ ಹಿಂದಕ ಹಿಂದಕ ಸರದು ಬರ್ತೀವಿ. ಚಂದ್ರನೂ ಹಂಗ. ಭೂಮಿಗೆ ಬೆನ್ನು ತೋರಸಂಗಿಲ್ಲ."

"ಇದು ಆಕಿ ಹೇಳಿದ್ದೋ ನೀ ಹೇಳಿದ್ದೋ?"

"ನಾನೇ," ಅಂದರು ಅತ್ತೆ, ಗತ್ತಿನಿಂದ.

ಡಿ. 13, ಶುಕ್ರವಾರ

ತಾಲೀಮು ಶುರು. ನಮ್ಮ ಪಡಸಾಲೆಯೇ ರಂಗ. ನಡುವೆ ಎರ್ರಣ್ಣ, ಬಾಗಿಲ ಕಡೆ ಜನ ಕೂತಿದ್ದಾರೆ ಅಂತ ಲೆಕ್ಕ. ಮಾವನವರು ಸುತ್ತಬೇಕು. ಎರ್ರಣ್ಣನ ಹಿಂದೆ ಹೋಗುವಾಗ ಎಲ್ಲ ಸರಿ. ಮುಂದಕ್ಕೆ, ಜನರ ಕಡೆಗೆ ಬಂದಾಗ ಅವರ ಮುಖ ಭೂಮಿಯ ಕಡೆ ಇರಬೇಕು, ಬೆನ್ನು ಜನರ ಕಡೆ. ಅಲ್ಲಿಗೆ ಬಂದವರೇ ಗರಕ್ಕನೆ ತಿರುಗಿ ಜನರ ಕಡೆ ಎದೆ ಕೊಟ್ಟು ನಿಂತರು. ಭೂಮಿಗೆ ಬೆನ್ನು. ಮೂರು ಸಲ ಹಾಗೇ.

ಹೆಡ್ ಮಾಸ್ತರು ಕೆಮ್ಮಿದರು. ಮತ್ತೆ ಕೆಮ್ಮಿದರು. ಕೆಮ್ಮಿನಿಂದ ಮುಂದೆ ಹೋಗಲಿಲ್ಲ.

ಮಾವನವರಿಗೇ ಅರ್ಥವಾಯಿತು. "ಬಣ್ಣ ಹಚ್ಚಾಕ ಹತ್ತಿ ಇಷ್ಟು ವರ್ಷ ಆತು. ಕುಂತ ಜನಕ್ಕ ಬೆನ್ನು ತೋರಿಸಿದಾವ ಅಲ್ಲ ನಾನು. ನಮ್ಮ ನಾಟಕದ ಮಾಸ್ತರು ಕಲಿಸಿದ್ದ ಮೊದಲನೇ ಪಾಠ ಅದು. ಮ್ಯಾಲೆ ಆವತ್ತು ಮಠದ ಅಜ್ಜಾರು ಮುಂದ ಕುಂದ್ರತಾರ. ಅವರಿಗೆ ಬೆನ್ನು ಕೊಡಲೇನು?"

ಅತ್ತೆ ಬಾಗಿಲ ಹಿಂದೆ ನನ್ನನ್ನು ನೋಡಿದರು. ಅವರ ಮಠದ ಉದಾಹರಣೆ ನಮ್ಮ ಕೊರಳಿಗೇ ಬಂದಿತ್ತು.

ಹೇಳಿ ಕಳಿಸಿದೆ. ತಿರುಗಿದರೆ ಅದು ಚಂದ್ರನೇ ಅಲ್ಲ, ನಾಟಕದ ವಿಷಯವೇ ಸತ್ತುಹೋಗುತ್ತದೆ ಅಂತ. ಉತ್ತರ ಬಂತು: "ಸೈನ್ಸು ಸಾಲ್ಯಾಗ ಇರಲಿ. ಇದು ಆಟ ಅನ್ನು."

ಬಾಗಿಲ ಸಂದಿಯಿಂದ ತಪ್ಪು ನೋಡುತ್ತ ನಿಲ್ಲುವುದಕ್ಕೆ ಬಿ.ಎಸ್ಸಿ. ಯಾಕೆ ಬೇಕಿತ್ತು? ಸಿಟ್ಟು ಬಂದು ಒಂದು ರೊಟ್ಟಿ ಕರಕಾಗಿಸಿದೆ. ಅದನ್ನು ನಾನೇ ತಿಂದೆ.

ಡಿ. 15, ಭಾನುವಾರ

ಇವರು ಬಂದಿದ್ದರು. ಸಿರುಗುಪ್ಪದ ಹೆಡ್ ಮಿಸ್ಟ್ರೆಸ್ ಪದ್ಮಾಬಾಯಿ ಗಿರಣಿಗೇ ಬಂದು ಕೇಳಿದರಂತೆ: "ನಿಮ್ಮ ಮನೆಯವ್ರು ಬರ್ತಾರೋ ಇಲ್ಲೋ? ಎರಡನೇ ತಾರೀಖು ದಾಟಿದ್ರ ಕೆಲಸ ಇನ್ನೊಬ್ಬರಿಗೆ ಹೋಗ್ತದ." ಅಲ್ಲಿ ಹುಡುಗಿಯರಿಗೆ ಸೈನ್ಸ್ ಹೇಳುವವರೇ ಇಲ್ಲವಂತೆ. ಪುಸ್ತಕ ಓದಿಸಿ ಬಾಯಿಪಾಠ ಮಾಡಿಸುತ್ತಾರಂತೆ.

"ಮುಂದಿನ ವಾರ ಖಂಡಿತ ಕೇಳ್ತೀನಿ," ಅಂದರು ಇವರು.

"ಚಂದ್ರನ ಹಿಂದಕ ಹೋಗಾಕ ಮೂರು ಮಂದಿ ತಯಾರಾಗ್ಯಾರ," ಅಂದೆ. "ನೀವು ಕಟ್ಟಿತನಕ ಹೋಗಾಕ ವಾರ ಕೇಳ್ತೀರಲ್ಲ."

ನಕ್ಕುಬಿಟ್ಟರು. ನಕ್ಕರೆ ಇವರ ಮೇಲೆ ಸಿಟ್ಟು ನಿಲ್ಲುವುದಿಲ್ಲ, ಅದೇ ಕಷ್ಟ. ಹೋಗುವಾಗ ಮೆಲ್ಲಗೆ, "ನೀನೇ ಕೇಳಿಬಿಡು" ಅಂದರು. ಹೇಗೆ ಎಂದು ಹೇಳಲಿಲ್ಲ.

ಡಿ. 22, ಭಾನುವಾರ

ವಾರ ಬರೆಯಲಿಲ್ಲ. ಇವರೂ ಈ ಭಾನುವಾರ ಬರಲಿಲ್ಲ. ಬರೆಯುವುದೇನು? ನೋಡೂಣು, ನೋಡೂಣು, ನೋಡೂಣು.

ಇವತ್ತು ಬರೆಯಲೇಬೇಕು.

ಬೆಳಗಿನ ವಾರ್ತೆಯಲ್ಲಿ ಬಂತು — ಆ ಮೂವರು ನಿನ್ನೆ ಹೊರಟರು. ಎರ್ರಣ್ಣ ಟ್ರಾನ್ಸಿಸ್ಟರನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡೇ ಬಂದರು. ಮಧ್ಯಾಹ್ನ ಮಾವನವರು ಬಳ್ಳಾರಿಯಿಂದ ಚಂದ್ರನ ವೇಷ ತಂದರು. ಬಿದಿರಿನ ದೊಡ್ಡ ಚಕ್ರ, ಎದೆಗೊಂದು ಬೆನ್ನಿಗೊಂದು, ಮೇಲೆ ಬಿಳಿ ಕಾಗದ. ಎದೆಯ ಚಕ್ರದಲ್ಲಿ ಚಂದ್ರನ ಮುಖ, ಹಣೆಗೆ ಮೂರು ಪಟ್ಟೆ ವಿಭೂತಿ. ಸರಿ, ಇರಲಿ. ಆಮೇಲೆ ತಿರುಗಿ ನಿಂತು ಬೆನ್ನಿನ ಚಕ್ರ ತೋರಿಸಿದರು. ಅಲ್ಲೂ ಮುಖ. ಕಣ್ಣು, ಮೂಗು, ನಗು, ವಿಭೂತಿ.

"ಈಗ ಹೆಂಗ ಸುತ್ತಿದ್ರೂ ಜನಕ್ಕ ಮಾರೀನೇ ಕಾಣತೈತಿ. ಚಂದ್ರಗ ಬೆನ್ನೇ ಇಲ್ಲ. ಅಜ್ಜಾರಿಗೂ ಅಪಚಾರ ಇಲ್ಲ, ನಿಮ್ಮ ಸೈನ್ಸಿಗೂ ತಕರಾರಿಲ್ಲ."

ಎಲ್ಲರೂ ಭೇಷ್ ಅಂದರು. ಹೆಡ್ ಮಾಸ್ತರೂ ಭೇಷ್ ಅಂದರು. ಅವರು ಅಂದದ್ದೇ ನನಗೆ ತಡೆಯಲಾಗಲಿಲ್ಲ. ಯಾವಾಗ ಹೊಸ್ತಿಲು ದಾಟಿದೆನೋ ಗೊತ್ತಿಲ್ಲ. ಪಡಸಾಲೆಯ ನಡುವೆ ನಿಂತಿದ್ದೆ.

"ಮಾವಾರ, ತಪ್ಪಾತು. ಬೆನ್ನಿಗೂ ಮಾರಿ ಬರಕೊಂಡ್ರ ಆ ಮೂವರು ಜೀವ ಕೈಯಾಗ ಹಿಡಕೊಂಡು ಅಷ್ಟು ದೂರ ಹೋಗಿದ್ದು ಯಾಕ? ಎರಡೂ ಮಗ್ಗಲ ಒಂದೇ ಅಂತ ತಿಳಿದು ಕುಂತಿದ್ರ ಯಾರೂ ಹೋಗತಿರಲಿಲ್ಲ. ಜನಕ್ಕ ಈ ನಾಟಕದಾಗ ತೋರಿಸಬೇಕಾಗಿದ್ದೇ ನಿಮ್ಮ ಬೆನ್ನು."

ಅತ್ತೆ, ರೂಢಿಯ ಬಲದಿಂದ, "ಏನ್ರಿ, ತಪ್ಪಾತಂತ..." ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು.

ಒಳಗೆ ಬಂದು ಈ ಚೀಲಗಳ ನಡುವೆ ಕೂತೆ. ಹೆದರಿಕೆ ಇದೆ. ಆದರೆ ಹೇಳಿದ್ದು ಸರಿ. ಎರಡೂ ಇದೆ.

ಡಿ. 23, ಸೋಮವಾರ

ಬೆಳಗಿನಿಂದ "ಏನು ಮಾಡಿದಿ ತಂಗಿ" ಎಂದು ಅತ್ತೆ ಹತ್ತು ಸಲ ಅಂದರು. ಹತ್ತು ಸಲವೂ ತುಟಿಯ ಮೂಲೆಯಲ್ಲಿ ನಗು ಇತ್ತು, ನಾನು ನೋಡಿದೆ.

ಸಂಜೆ ಎಲ್ಲರೂ ಸೇರಿದ ಮೇಲೆ ಮಾವನವರು ನನ್ನನ್ನು ಪಡಸಾಲೆಗೆ ಕರೆಸಿದರು. ಕೈಯಲ್ಲಿ ತಟ್ಟೆ. ಎಲೆ, ಅಡಿಕೆ, ಒಂದು ತೆಂಗಿನಕಾಯಿ.

"ಆಕಿಗೆ ಹೇಳು," ಅಂದರು ಅತ್ತೆಗೆ. "ನಮ್ಮ ಮಂಡಳಿ ಪದ್ಧತಿ ಐತಿ. ತಾಲೀಮಿನ್ಯಾಗ ಪಾರ್ಟಿನ ತಪ್ಪು ತೆಗದಾವ ವೀಳ್ಯ ತಗೊಂಡು ಆಟದ ಮಾಸ್ತರಿಕಿ ಹೊರಬೇಕು. ಆಟ ಕೆಟ್ರ ಅಪವಾದ ಅವಂದೇ. ಹೊರಾಕಾಗದಾವ ತಪ್ಪು ತೆಗೀಬಾರದು."

ಅತ್ತೆ ನನಗೆ ಹೇಳುವ ಮೊದಲೇ ನಾನು ತಲೆಯಾಡಿಸಿದ್ದೆ.

ಆಗ ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಎದುರಿಗೇ ಬಂದರು. ಅತ್ತೆಯ ಕಡೆ ನೋಡಲಿಲ್ಲ. "ತಗೋರಿ, ಮಾಸ್ತರ" ಅಂದರು. ನನಗೆ. ಬಹುವಚನದಲ್ಲಿ.

ತಗೊಂಡೆ.

ಆಮೇಲಿನದು ನೆನೆದರೆ ನಗು ಬರುತ್ತದೆ. ತಾಲೀಮು ನಡೆಯುವಾಗ ನಾನು ನೇರ ಮಾತಾಡಬಹುದು. "ಮಾವಾರ, ಎಡಕ್ಕ ಸರೀರಿ." "ಆತ್ರಿ ಮಾಸ್ತರ." ಬೆನ್ನಿನ ಚಕ್ರದ ಮುಖಕ್ಕೆ ಬಿಳಿ ಬಟ್ಟೆ ಹಚ್ಚಿಸಿದೆ, ಒಲೆಯ ಬೂದಿ ಬಳಿದೆ, ಮಸಿಯಿಂದ ಕುಳಿಗಳನ್ನು ಬರೆದೆ. ಮಾವನವರು ಎಲ್ಲಕ್ಕೂ ಬೆನ್ನು ಕೊಟ್ಟು ನಿಂತರು. ತಾಲೀಮು ಮುಗಿದದ್ದೇ ಪಡಸಾಲೆಯಲ್ಲಿ ಕೂತು, ಒಂದು ಮಾರು ದೂರದಲ್ಲಿದ್ದ ನನ್ನನ್ನು ಬಿಟ್ಟು, ಒಳಗಿದ್ದ ಅತ್ತೆಯನ್ನು ಕೂಗಿದರು: "ಆಕಿಗೆ ನೀರು ತರಾಕ ಹೇಳು."

ಡಿ. 24, ಮಂಗಳವಾರ

ಇವತ್ತು ಆ ಮೂವರು ಚಂದ್ರನ ಹಿಂದೆ ಹೋಗುವ ದಿನ. ಅಲ್ಲಿರುವಷ್ಟು ಹೊತ್ತು ಮಾತಿಲ್ಲ, ಸುದ್ದಿಯಿಲ್ಲ. ಇದ್ದಾರೋ ಇಲ್ಲವೋ ಎಂದು ಅವರ ದೇಶಕ್ಕೇ ಗೊತ್ತಾಗುವುದಿಲ್ಲ. ಅವರ ಹೆಂಡಂದಿರು ಆ ಹೊತ್ತು ಏನು ಮಾಡುತ್ತಾರೋ. ನಾನು ಮೆಣಸಿನಕಾಯಿ ತೊಟ್ಟು ಬಿಡಿಸಿದೆ.

ಸಂಜೆಯ ವಾರ್ತೆ: ಹಿಂದಿನಿಂದ ಬಂದರು, ದನಿ ಕೇಳಿಸಿತು, ಇನ್ನೂ ಸುತ್ತುತ್ತಿದ್ದಾರೆ. ಎರ್ರಣ್ಣ ಕಟ್ಟೆಯ ಮೇಲೆ ಎದ್ದು ನಿಂತೇಬಿಟ್ಟರು. ಪಡುವಣದಲ್ಲಿ ಎಳೆ ಚಂದ್ರ ಇದ್ದ. ಎಲ್ಲರೂ ಹೊರಗೆ ಬಂದು ಅಲ್ಲಿ ಏನೋ ಕಾಣುತ್ತದೆ ಎನ್ನುವ ಹಾಗೆ ನೋಡಿದೆವು.

ಅದೇ ಉಮೇದಿನಲ್ಲಿ, ತಾಲೀಮು ಮುಗಿಯುವ ಮುಂಚೆ, ಕೇಳಿಬಿಟ್ಟೆ. "ಮಾವಾರ, ಮಾಸ್ತರಾಗಿ ಒಂದು ಮಾತು. ಸಿರುಗುಪ್ಪದ ಸಾಲಿಗೆ ಹೋಗ್ಲೇನ್ರಿ ನಾನು?"

ಕೈಯಲ್ಲಿದ್ದ ಚಕ್ರವನ್ನು ನೋಡಿದರು. "ತಾಲೀಮಿನ್ಯಾಗ ಮನಿ ಮಾತು ಬ್ಯಾಡ, ಮಾಸ್ತರ." ತಿರುಗಿ ಹೋದರು.

ಬೆನ್ನು ತೋರಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. ನಾನೇ ಕಲಿಸಿದ್ದು.

ಡಿ. 25, ಬುಧವಾರ

ಅವರು ಮರಳಿ ಭೂಮಿಯ ದಾರಿ ಹಿಡಿದರಂತೆ. ಕೊನೆಯ ಸುತ್ತಿನಲ್ಲೂ ಹಿಂದೆ ಹೋಗಿ, ಅಲ್ಲೇ ಇಂಜಿನು ಹೊತ್ತಿಸಿ ಈಚೆ ಬಂದರಂತೆ.

ನಮ್ಮ ಮನೆಯ ಚಂದ್ರ ಬೆಳಿಗ್ಗೆ ಹೊಲಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಉಂಡರು. ಅತ್ತೆಯ ಹತ್ತಿರವೂ ಮಾತಿಲ್ಲ. ಸುಮ್ಮನೆ ಏನೋ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಪಾರ್ಟು ಇರಬೇಕು.

ಆಸೆ ಬಿಟ್ಟೆ ಎಂದು ಬರೆದು ಹೊಡೆದುಹಾಕಿದ್ದೇನೆ. ಬಿಟ್ಟಿಲ್ಲ.

ಡಿ. 27, ಶುಕ್ರವಾರ

ನಿನ್ನೆ ನಾಟಕ. ಬರೆಯಲು ಇವತ್ತು ಕೈಗೆ ಬುದ್ಧಿ ಬಂದಿದೆ.

ಹೈಸ್ಕೂಲಿನ ಬಯಲು, ಸಂಜೆ, ಊರೆಲ್ಲ ಸೇರಿತ್ತು. ಮುಂದೆ ಕುರ್ಚಿಯಲ್ಲಿ ಮಠದ ಅಜ್ಜನವರು. ಹೆಂಗಸರ ಕಡೆ ಅತ್ತೆ, ನೆರೆಮನೆಯ ಸುಂಕಲಮ್ಮ. ಇವರೂ ರಜೆ ಹಾಕಿ ಬಂದಿದ್ದರು. ನಾನು ಹಿಂದಿನ ಪರದೆಯ ಸಂದಿಯಲ್ಲಿ, ಪ್ರಾಂಪ್ಟಿಂಗ್. ನನ್ನ ಮುಂದೆ ಭೂಮಿಯಾದ ಎರ್ರಣ್ಣ, ಹಸಿರು ಸೀರೆ, ಕರಿ ಮೀಸೆ. ಅವರನ್ನು ನೋಡಿದ್ದೇ ಜನ ನಕ್ಕಿದ್ದು ನಕ್ಕಿದ್ದೇ. ಅವರು ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಮಾವನವರು ಬಂದರು. ಹಿಂದೆ ಸುತ್ತಿದರು. ಪಕ್ಕಕ್ಕೆ ಬಂದರು. ಆಮೇಲೆ ಮುಂದಕ್ಕೆ. ತಿರುಗುತ್ತಾರೆ, ಈಗ ತಿರುಗುತ್ತಾರೆ.

ತಿರುಗಲಿಲ್ಲ. ಭೂಮಿಯ ಕಡೆ ಮುಖ, ಊರಿಗೆಲ್ಲ ಬೆನ್ನು. ಬೂದಿ ಬಳಿದ, ಕುಳಿ ಬಿದ್ದ ಬೆನ್ನು.

ಗುಜುಗುಜು ಎದ್ದಿತು. "ಅಜ್ಜಾರ ಮುಂದ..." ಎಂದು ಯಾರೋ ಅಂದರು. ಹೆಡ್ ಮಾಸ್ತರು ಬದಿಯಲ್ಲಿ ಕರ್ಚೀಫು ಹಿಂಡುತ್ತಿದ್ದರು. ಅಜ್ಜನವರ ದನಿ ಕೇಳಿತು, ತಣ್ಣಗೆ: "ಚಂದ್ರ ಅಲ್ಲೇನು ಅವ. ಹಂಗ ನಿಲ್ಲಲಿ ಬಿಡ್ರಿ."

ಭೂಮಿ ಕೇಳಿತು: "ಏ ಚಂದ್ರ, ಬೆನ್ನ ಹಿಂದ ಏನು ಮುಚ್ಚಿಟ್ಟೀದಿ? ತೋಪೋ? ಪಲ್ಟನ್ನೋ?" ಪಲ್ಟನ್ ಎರ್ರಣ್ಣ ತಾವೇ ಸೇರಿಸಿದ್ದು.

"ಕುಣಿ ಅದಾವು, ಗುಡ್ಡ ಅದಾವು, ನೀ ಎಂದೂ ಕೇಳದ ಮೌನ ಐತಿ," ಅಂದರು ಮಾವನವರು. "ಅಲ್ಲಿ ಯಾರ ಬಾವುಟಾನೂ ಬ್ಯಾಡ, ಯಾರ ತೋಪೂ ಬ್ಯಾಡ. ನೋಡಾಕ ಬರ್ರಿ. ಆಳಾಕ ಬರಬ್ಯಾಡ್ರಿ."

ಇಲ್ಲಿಗೆ ಅವರ ಮಾತು ಮುಗಿಯಬೇಕು. ಮುಂದಿನ ಮಾತು ಭೂಮಿಯದು. ಆದರೆ ಮಾವನವರು ಸರಿಯಲಿಲ್ಲ. ಎರ್ರಣ್ಣನ ಹೆಗಲ ಮೇಲಿಂದ ನೋಡಿದರು. ಪರದೆಯ ಸಂದಿಯನ್ನು. ನನ್ನನ್ನು. ಊರಿಗೆ ಅವರ ಬೆನ್ನು ಕಾಣುತ್ತಿತ್ತು, ಮುಖ ನನಗೊಬ್ಬಳಿಗೆ.

"ಈ ಮಾತು ನಾ ಹುಟ್ಟಿಸಿದ್ದಲ್ಲ. ನಮ್ಮ ಮನಿ ಸೊಸಿ ಕಲಿಸಿದ್ದು. ಇಷ್ಟು ದಿನ ನಾನೂ ಆಕಿ ಒಂದೇ ಮಗ್ಗಲ ಕಂಡಿದ್ದೆ, ಒಲಿ ಮುಂದಿನ ಮಗ್ಗಲ. ಜನವರಿ ಎರಡಕ್ಕ ಆಕಿ ಸಿರುಗುಪ್ಪದ ಸಾಲಿಗೆ ಮಾಸ್ತರಾಗಿ ಹೊಂಟಾಳ. ನಾನೇ ಕಳಿಸಾಕ ಹತ್ತೀನಿ." ದನಿ ಇನ್ನೂ ಎದ್ದಿತು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. "ಹಾಲಸಿದ್ದಪ್ಪನ ಬೆನ್ನ ಹಿಂದ ಏನಾರ ಅನ್ನೋರಿದ್ರ ಈಗ ಅನ್ರಿ. ಬೆನ್ನು ನಿಮ್ಮ ಕಡೀನೇ ಐತಿ."

ಒಬ್ಬರೂ ಅನ್ನಲಿಲ್ಲ. ಅಷ್ಟು ಜನ, ಒಂದು ಕೆಮ್ಮೂ ಇಲ್ಲ. ಹೆಡ್ ಮಾಸ್ತರದೂ ಇಲ್ಲ. ಅಲುಗಾಡಬಾರದ ಭೂಮಿ ಹಿಮ್ಮಡಿ ಕೂಡಿಸಿ ಟಪ್ ಎಂದು ಸೆಲ್ಯೂಟ್ ಹೊಡೆಯಿತು. ಆಮೇಲೆ ಬಿದ್ದ ಚಪ್ಪಾಳೆಯಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಹೇಳಿಕೊಡಬೇಕಾದ ನನಗೂ ಕಣ್ಣು ತುಂಬಿ, ಹಾಳೆಯ ಅಕ್ಷರವೇ ಕಾಣುತ್ತಿರಲಿಲ್ಲ.

ಇವರು ಮನೆಗೆ ಬರುವ ದಾರಿಯಲ್ಲಿ, "ನಾನು ನಾಳೆ ಕೇಳೋಣು ಅಂತ ಮಾಡಿದ್ದೆ" ಅಂದರು. ನಂಬಿದ ಹಾಗೆ ಮಾಡಿದೆ.

ಡಿ. 28, ಶನಿವಾರ

ಮೂವರೂ ರಾತ್ರಿ ಸಮುದ್ರಕ್ಕೆ ಇಳಿದರಂತೆ, ಸುರಕ್ಷಿತ. ಅತ್ತೆ ಕೇಳಿದ್ದೇ ಹಣೆಗೆ ಕೈ ಹಚ್ಚಿ ಶಿವಾ ಅಂದರು, ನಮ್ಮ ಪೈಕಿಯವರೇ ಎನ್ನುವ ಹಾಗೆ.

ಅತ್ತೆ ಮಾವನವರನ್ನು ಕೇಳಿದ್ದಾರೆ, ಅಷ್ಟು ಜನರ ಮುಂದೆ ಹೆಂಗ ಬಾಯಿ ಬಂತು ಎಂದು. ಅವರು ಹೇಳಿದ್ದನ್ನು ಅತ್ತೆ ನನಗೆ ಹಾಗೇ ತಂದರು, ಈ ಸಲ ಒಂದಕ್ಷರ ಬದಲಿಸದೆ ಅಂತ ನನ್ನ ನಂಬಿಕೆ: "ಹೊಲದಾಗ ಎರಡು ದಿನ ಬಾಯಿಪಾಠ ಮಾಡಿದ್ದೆ, ಆದ್ರೂ ಅನ್ನಾಕ ಆಕೈತೋ ಇಲ್ಲೋ ಅಂತಿತ್ತು. ಇಷ್ಟು ವರ್ಷ ಜನರ ಮಾರಿ ನೋಡಿಕೋತ ಆಡಿದೆ. ಅವ್ರ ಮಾರಿ ಹೆಂಗಾಕೈತೋ ನಂದೂ ಹಂಗ ಆಕಿತ್ತು. ಬೆನ್ನು ತಿರುವಿದ್ನಲ್ಲ, ಯಾರ ಮಾರೀನೂ ಕಾಣಲಿಲ್ಲ. ಸಲೀಸು ಬಂತು."

ಜನವರಿ 2, 1969, ಗುರುವಾರ. ಬೆಳಿಗ್ಗೆ

ಟ್ರಂಕು ಕಟ್ಟಿದ್ದಾಯಿತು. ಅತ್ತೆ ಶೇಂಗಾ ಹಿಂಡಿ, ಕೆಂಪು ಚಟ್ನಿ, ಒಂದು ಗಂಟು ರೊಟ್ಟಿ ಇಟ್ಟಿದ್ದಾರೆ. ಸಿರುಗುಪ್ಪದಲ್ಲಿ ಅನ್ನವೇ ಸಿಗುವುದಿಲ್ಲ ಎನ್ನುವ ಹಾಗೆ. ಮನೆ ನೋಡಿದ್ದೇನೆ ಎಂದು ಇವರು ಹೇಳಿ ಕಳಿಸಿದ್ದಾರೆ. ಹಿತ್ತಲಿಲ್ಲವಂತೆ, ಒರಳೂ ಇಲ್ಲವಂತೆ. ಸುತ್ತಿ ತೋರಿಸಲು ಬೇರೆ ಏನಾದರೂ ಹುಡುಕಬೇಕು.

ನಾಟಕ ಮುಗಿದ ಮೇಲೆ ನನ್ನ ಮಾಸ್ತರಿಕೆಯೂ ಮುಗಿಯಿತು. ಈ ವಾರವೆಲ್ಲ ಮತ್ತೆ ಮೊದಲಿನ ಹಾಗೇ, ಆಕಿಗೆ ಹೇಳು, ಸಾಕಂತ, ಬೇಕಂತ. ಬೇಜಾರಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಿಡಲು ಮಾವನವರೇ ಬರುತ್ತಾರಂತೆ. ಅಷ್ಟು ದೂರ ಇಬ್ಬರೂ ಮಾತಿಲ್ಲದೆ ಹೇಗೆ ನಡೆಯುವುದು ಎಂದು ಅತ್ತೆಯನ್ನು ಕೇಳಿದೆ. ನಕ್ಕು, ದನಕ್ಕೆ ನೀರಿಡಲು ಹಿತ್ತಲಿಗೆ ಹೋದರು.

ಮಾವನವರು ಕೂಗುತ್ತಿದ್ದಾರೆ, ಅಂಗಳದಿಂದ. "ದಾಕ್ಷಾಯಣಿ, ಬಸ್ಸಿಗೆ ಹೊತ್ತಾತವ್ವಾ." ಅತ್ತೆಯನ್ನಲ್ಲ. ನನ್ನನ್ನೇ, ಹೆಸರು ಹಿಡಿದು. ಮಾಸ್ತರನ್ನೂ ಅಲ್ಲ.

ನಡುವೆ ಯಾರೂ ಇಲ್ಲ. ನಾನೇ ಓಗೊಡಬೇಕು. ಏನಂತ —